ಕಿವಿಯ ಸಾಕ್ಷ್ಯ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಗಾದೆ. ಕಣ್ಣಿನ ವಿಚಾರದಲ್ಲಿ ಈ ಎಚ್ಚರಿಕೆಯನ್ನು ನಾವು ಒಪ್ಪಿಕೊಳ್ಳುತ್ತೇವೆ. ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿದವನ ದೃಷ್ಟಾಂತವು ನಮ್ಮ ಶಾಸ್ತ್ರಗ್ರಂಥಗಳಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆದರೆ ಕಿವಿಯ ವಿಚಾರದಲ್ಲಿ ನಮಗೆ ಅಷ್ಟು ಸಂಶಯವಿರುವುದಿಲ್ಲ. "ನಾನು ಕಿವಿಯಾರೆ ಕೇಳಿದೆ" ಎಂದು ಒಬ್ಬರು ಹೇಳಿದರೆ ಅಲ್ಲಿಗೆ ವಾದವು ಮುಗಿಯಿತು. ಅದರಲ್ಲಿಯೂ ಹೀಗೆ ಹೇಳುವವರು ಸಂಗೀತವನ್ನು ಬಲ್ಲವರಾಗಿದ್ದು, ಹೇಳುವ ಮಾತು ಒಂದು ಪಿಟೀಲಿನ ಅಥವಾ ಧ್ವನಿಯಂತ್ರದ ಗುಣವನ್ನು ಕುರಿತದ್ದಾಗಿದ್ದರೆ, ಉಳಿದವರು ಎದುರಾಡಲು ಹಿಂಜರಿಯುತ್ತಾರೆ. ಈ ಯಂತ್ರದ ನಾದ ತುಂಬಿದ್ದು, ಆ ಯಂತ್ರದ ನಾದ ಒಣಕಲು, ಇನ್ನೊಂದರಲ್ಲಿ ಜೀವವೇ ಇಲ್ಲ ಎಂಬ ತೀರ್ಪುಗಳು ಹೀಗೆ ಹುಟ್ಟಿ, ಅಂಗಡಿಯಿಂದ ಮನೆಗೆ, ಮನೆಯಿಂದ ಮನೆಗೆ ಹಬ್ಬುತ್ತವೆ. ಇಂತಹ ತೀರ್ಪುಗಳನ್ನು ಪರೀಕ್ಷೆಗೆ ಒಳಪಡಿಸಿದವರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಈ ಭಾಷಣದ ಉದ್ದೇಶ.

ನಾದವನ್ನು ಹಿಡಿದಿಟ್ಟು ಮತ್ತೆ ನುಡಿಸುವ ಫೋನೋಗ್ರಾಫನ್ನು ಅಮೆರಿಕದ ಥಾಮಸ್ ಆಲ್ವ ಎಡಿಸನ್ನನು 1877ರಲ್ಲಿ ನಿರ್ಮಿಸಿದನೆಂಬುದು ಎಲ್ಲರಿಗೂ ತಿಳಿದಿರುವ ಸಂಗತಿ. ಆತನ ಶ್ರವಣಶಕ್ತಿ ಬಹಳ ಕುಂದಿತ್ತೆಂಬುದೂ, ಯಂತ್ರದ ಮರದ ಪೆಟ್ಟಿಗೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದು, ತಲೆಯ ಮೂಳೆಗಳ ಮೂಲಕ ಸಂಗೀತವನ್ನು ಕೇಳುತ್ತಿದ್ದನೆಂಬುದೂ ಅಷ್ಟು ಪ್ರಸಿದ್ಧವಲ್ಲ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಆತನ ಕಂಪೆನಿಯು ವಜ್ರದ ಮುಳ್ಳಿನಿಂದ ನುಡಿಯುವ ದಪ್ಪನೆಯ ತಟ್ಟೆಗಳನ್ನು ಮಾರಾಟಕ್ಕೆ ತಂದಿತು. ಪ್ರತಿಸ್ಪರ್ಧಿಗಳ ತಟ್ಟೆಗಳು ಅಗ್ಗವಾಗಿದ್ದವು. ಅವುಗಳಲ್ಲಿ ಹಾಡಿದವರ ಹೆಸರುಗಳೂ ದೊಡ್ಡವು. ಆದಕಾರಣ ಎಡಿಸನ್ನನ ಕಂಪೆನಿಯು ತನ್ನ ಯಂತ್ರದ ನಾದವೇ ಸತ್ಯವಾದ ನಾದವೆಂದು ಜನರ ಕಿವಿಯಿಂದಲೇ ಹೇಳಿಸಲು ಒಂದು ಉಪಾಯವನ್ನು ಹೂಡಿತು. ಅದಕ್ಕೆ ಟೋನ್ ಟೆಸ್ಟ್, ಎಂದರೆ ನಾದಪರೀಕ್ಷೆ, ಎಂದು ಹೆಸರಾಯಿತು.

ನಾದಪರೀಕ್ಷೆಯ ಕ್ರಮ ಹೀಗಿತ್ತು. ರಂಗದ ಮೇಲೆ ಯಂತ್ರವನ್ನು ಇರಿಸುವರು. ಅದರ ಪಕ್ಕದಲ್ಲಿ, ಆ ತಟ್ಟೆಯಲ್ಲಿ ಹಾಡಿದ್ದ ಗಾಯಕಿಯೇ ಬಂದು ನಿಲ್ಲುವಳು. ತಟ್ಟೆ ನುಡಿಯುತ್ತಿರುವಾಗ ಆಕೆಯೂ ಜೊತೆಗೂಡಿ ಹಾಡುವಳು; ನಡುನಡುವೆ ಬಾಯಿ ಮುಚ್ಚುವಳು; ಹಾಡು ಮಾತ್ರ ಮುಂದುವರಿಯುವುದು. ಕೊನೆಯಲ್ಲಿ ಸಭಾಂಗಣದ ದೀಪಗಳನ್ನು ಆರಿಸುವರು. ಕತ್ತಲೆಯಲ್ಲಿ ಹಾಡು ಸಾಗುತ್ತಿರುವುದು. ದೀಪಗಳು ಮತ್ತೆ ಬೆಳಗಿದಾಗ ರಂಗದ ಮೇಲೆ ಗಾಯಕಿಯಿಲ್ಲ, ಯಂತ್ರವೊಂದೇ! ಆಕೆ ಯಾವ ಕ್ಷಣದಲ್ಲಿ ಹೊರಟುಹೋದಳೆಂಬುದನ್ನು ಅರಿಯಲಾರದೆ ಸಭಿಕರು ಬೆರಗಾಗಿ ಚಪ್ಪಾಳೆ ತಟ್ಟುವರು. 1916ರ ಏಪ್ರಿಲ್ 28ರಂದು ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಮೇರಿ ರಾಪೋಲ್ಡ್ ಎಂಬ ಪ್ರಸಿದ್ಧ ಗಾಯಕಿಯೊಡನೆ ಇಂತಹ ಪರೀಕ್ಷೆ ನಡೆಯಿತು. 1915ರಿಂದ 1925ರ ವರೆಗಿನ ಹತ್ತು ವರ್ಷಗಳಲ್ಲಿ ಊರೂರಿನಲ್ಲಿ ಒಟ್ಟು 4000ಕ್ಕೂ ಹೆಚ್ಚು ಸಲ ಇದು ನಡೆಯಿತೆಂದು ಚರಿತ್ರಕಾರರು ಲೆಕ್ಕ ಹಾಕಿದ್ದಾರೆ.

ಆ ತಟ್ಟೆಗಳನ್ನು ಈಗ ಯಾರು ಬೇಕಾದರೂ ಕೇಳಬಹುದು. ವಿದ್ಯುಚ್ಛಕ್ತಿಯ ನೆರವಿಲ್ಲದೆ, ಬರಿಯ ಕೊಳವೆಯ ಮುಂದೆ ನಿಂತು ಹಾಡಿ ಮುದ್ರಿಸಿದ ತಟ್ಟೆಗಳು ಅವು. ಮುಳ್ಳು ಉಜ್ಜುವ ಸದ್ದು ನಿಲ್ಲದೆ ಕೇಳಿಬರುತ್ತದೆ. ಮಂದ್ರದ ಗಾಂಭೀರ್ಯ ಕಡಮೆ. ತಾರದ ಹೊಳಪೂ ಕಡಮೆ. ಇದನ್ನು ಮನುಷ್ಯಕಂಠದಿಂದ ಬೇರೆಯೆಂದು ಗುರುತಿಸಲಾರದೆ ಹೋದವರು ಸಂಗೀತವನ್ನು ಅರಿಯದವರಲ್ಲ, ಕಿವುಡರಂತೂ ಅಲ್ಲ. ಹಾಗಾದರೆ ಆದದ್ದೇನು?

ಇದರ ಗುಟ್ಟಿನಲ್ಲಿ ಅರ್ಧವನ್ನು ಗಾಯಕಿಯೊಬ್ಬಳೇ ಹೊರಗೆಡಹಿದಳು. ಅನೇಕ ನಾದಪರೀಕ್ಷೆಗಳಲ್ಲಿ ಭಾಗವಹಿಸಿದ್ದ ಆನಾ ಕೇಸ್ ತನ್ನ ಇಳಿವಯಸ್ಸಿನಲ್ಲಿ, 1972ರಲ್ಲಿ, ನಡೆದುದನ್ನು ವಿವರಿಸಿದಳು. ತಾನು ತುಂಬುಕಂಠದಿಂದ ಹಾಡಿದ್ದರೆ ಯಂತ್ರಕ್ಕಿಂತ ಗಟ್ಟಿಯಾಗಿ ಕೇಳಿಬಿಡುತ್ತಿತ್ತೆಂದೂ, ಅದಕ್ಕಾಗಿ ತನ್ನ ಕಂಠವನ್ನೇ ಯಂತ್ರದ ನಾದಕ್ಕೆ ಹೊಂದುವಂತೆ ತಗ್ಗಿಸಿ ಹಾಡುತ್ತಿದ್ದೆನೆಂದೂ ಆಕೆ ಹೇಳಿದಳು. ಯಂತ್ರವು ಮನುಷ್ಯನಂತೆ ಹಾಡುತ್ತದೆಂದು ಜನ ನಂಬಿದರು; ವಾಸ್ತವವಾಗಿ ಮನುಷ್ಯಳೇ ಯಂತ್ರದಂತೆ ಹಾಡುತ್ತಿದ್ದಳು. ಗುಟ್ಟಿನ ಉಳಿದರ್ಧವು ಸಭಿಕರ ಮನಸ್ಸಿನಲ್ಲಿತ್ತು. ಯಂತ್ರ ಯಾವುದು, ಕಂಠ ಯಾವುದೆಂದು ಹೇಳಲಾಗದೆಂಬ ಮಾತನ್ನು ಜಾಹೀರಾತುಗಳಲ್ಲಿ ಓದಿಕೊಂಡೇ ಅವರು ಬಂದಿದ್ದರು. ಬೆರಗಾಗಲು ಬಂದವರು ಬೆರಗಾಗಿ ಹೋದರು.

ಈ ಸಂಗತಿ ನಮ್ಮ ತರ್ಕಶಾಸ್ತ್ರವನ್ನು ಬಲ್ಲವರಿಗೆ ಹೊಸದೆನಿಸದು. ಇಂದ್ರಿಯಕ್ಕೂ ವಸ್ತುವಿಗೂ ಸಂಬಂಧವುಂಟಾದ ಮಾತ್ರಕ್ಕೆ ಪ್ರತ್ಯಕ್ಷಪ್ರಮಾಣವಾಯಿತೆಂದು ಗೌತಮನ ನ್ಯಾಯಸೂತ್ರಗಳು ಒಪ್ಪುವುದಿಲ್ಲ. ಆ ಜ್ಞಾನವು ಅವ್ಯಭಿಚಾರಿಯಾಗಿರಬೇಕು, ಎಂದರೆ ವಸ್ತುಸ್ಥಿತಿಗೆ ತಪ್ಪಿ ನಡೆಯಬಾರದು, ಎಂದು ಅವು ನಿಯಮಿಸುತ್ತವೆ. ಕಿವಿಯು ಶಬ್ದವನ್ನು ತಂದೊಪ್ಪಿಸುತ್ತದೆ; ಅದು ಚೆನ್ನಾಗಿದೆಯೇ ಎಂಬುದನ್ನು ಮನಸ್ಸು ತೀರ್ಮಾನಿಸುತ್ತದೆ. ಆ ಮನಸ್ಸಿಗೆ ಬೆಲೆ, ಹೆಸರು, ಆಕಾರ, ಹತ್ತಿರ ಕುಳಿತವರ ಮಾತು ಇವೆಲ್ಲ ಮೊದಲೇ ತಲಪಿರುತ್ತವೆ. ಶಬ್ದವು ಬರುವ ವೇಳೆಗೆ ತೀರ್ಪು ಅರ್ಧ ಬರೆದಾಗಿರುತ್ತದೆ.

ಧ್ವನಿಯಂತ್ರಕ್ಕೂ ಮನಶ್ಶಾಸ್ತ್ರಕ್ಕೂ ಇರುವ ಈ ನಂಟಿಗೆ ಮೈಸೂರಿನಲ್ಲಿ ಒಂದು ವಿಶೇಷವಾದ ನಿದರ್ಶನವಿದೆ. ಇಲ್ಲಿ 1935ರಲ್ಲಿ ಆಕಾಶವಾಣಿಯನ್ನು ಮೊದಲಿಗೆ ನುಡಿಸಿದವರು ಎಂಜಿನಿಯರರಲ್ಲ, ವರ್ತಕರೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಪಂಡಿತನ ಬಳಿ ಶಿಕ್ಷಣ ಪಡೆದು ಬಂದ ಅವರ ನೇತೃತ್ವದಲ್ಲಿ ಮೈಸೂರಿನ ಮನಶ್ಶಾಸ್ತ್ರ ವಿಭಾಗವು 1924ರಲ್ಲಿ ಆರಂಭವಾಗಿತ್ತು. ಮನಸ್ಸನ್ನು ಅಳೆಯುವ ವಿದ್ಯೆಯೂ ನಾದವನ್ನು ಹರಡುವ ಯಂತ್ರವೂ ಒಬ್ಬರದೇ ಕೈಯಲ್ಲಿ ಕೂಡಿದ್ದವು.

ಪೂರ್ವಗ್ರಹವನ್ನು ತಡೆಯುವುದಕ್ಕೆ ಯೂರೋಪಿನ ವಿದ್ವಾಂಸರು ಕಂಡುಕೊಂಡ ಉಪಾಯವು ಬಹು ಸರಳವಾದುದು: ಕಣ್ಣಿಗೆ ಬಟ್ಟೆ, ಅಥವಾ ನಡುವೆ ಒಂದು ತೆರೆ. ಇದರ ಪ್ರಥಮ ಪ್ರಯೋಗಗಳಲ್ಲಿ ಪ್ರಖ್ಯಾತವಾದುದು 1784ರಲ್ಲಿ ಪ್ಯಾರಿಸ್ಸಿನ ಬಳಿ ನಡೆಯಿತು. ಪ್ರಾಣಿಗಳ ದೇಹದಲ್ಲಿ ಒಂದು ಬಗೆಯ ಅಯಸ್ಕಾಂತಶಕ್ತಿಯಿದೆಯೆಂದೂ ಅದರಿಂದ ರೋಗಗಳನ್ನು ನೀಗಬಹುದೆಂದೂ ಮೆಸ್ಮರ್ ಎಂಬ ವೈದ್ಯನು ಸಾರುತ್ತಿದ್ದ ಕಾಲವದು. ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆಯು ಇದನ್ನು ವಿಚಾರಿಸಲು ವಿದ್ವಾಂಸರನ್ನು ನೇಮಿಸಿದನು. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನಶಾಸ್ತ್ರಜ್ಞ ಲವಾಸಿಯೇ ಅವರಲ್ಲಿ ಮುಖ್ಯರು. ಮೆಸ್ಮರನ ಶಿಷ್ಯನು ಫ್ರಾಂಕ್ಲಿನ್ನನ ತೋಟದಲ್ಲಿದ್ದ ಒಂದು ಏಪ್ರಿಕಾಟ್ ಮರಕ್ಕೆ ತನ್ನ ಶಕ್ತಿಯನ್ನು ತುಂಬಿದನು. ಬಳಿಕ 12 ವರ್ಷದ ಹುಡುಗನೊಬ್ಬನನ್ನು ಕಣ್ಣು ಕಟ್ಟಿ ಮರದಿಂದ ಮರಕ್ಕೆ ಕರೆದುಕೊಂಡು ಹೋದರು. ಹುಡುಗ ಬೆವರಿದ, ಕೆಮ್ಮಿದ, ತಲೆಸುತ್ತುತ್ತದೆಂದ. ನಾಲ್ಕನೆಯ ಮರದ ಬಳಿ ಮೂರ್ಛೆಹೋದ. ಶಕ್ತಿಯನ್ನು ತುಂಬಿದ್ದ ಮರವಾದರೋ ಅಲ್ಲಿಂದ ಸುಮಾರು 24 ಅಡಿ ದೂರದಲ್ಲಿತ್ತು! ಹುಡುಗನ ಮೂರ್ಛೆ ನಟನೆಯಾಗಿರಲಿಲ್ಲ. ನಂಬಿಕೆಯೊಂದೇ ಅದನ್ನು ಉಂಟುಮಾಡಿತ್ತು. ಇಲ್ಲದ ನಾದವನ್ನು ಕೇಳುವವರನ್ನು ಸುಳ್ಳುಗಾರರೆಂದು ಹಳಿಯುವುದು ಏಕೆ ನ್ಯಾಯವಲ್ಲವೆಂಬುದು ಈ ಹುಡುಗನಿಂದ ತಿಳಿಯುತ್ತದೆ.

ಸಂಗೀತಕ್ಕೂ ಈ ಉಪಾಯವು ಬೇಗನೆ ಬಂದಿತು. 1819ರಲ್ಲಿ ಸವಾರ್ ಎಂಬ ಫ್ರೆಂಚ್ ಭೌತಶಾಸ್ತ್ರಜ್ಞನು ಬಳುಕಿಲ್ಲದ, ನೇರವಾದ ಬದಿಗಳುಳ್ಳ, ನೋಡಲು ಪೆಟ್ಟಿಗೆಯಂತಿರುವ ಪಿಟೀಲೊಂದನ್ನು ತಯಾರಿಸಿದನು. ಪರೀಕ್ಷಕರು ಅದನ್ನೂ ಒಂದು ಉತ್ತಮವಾದ ಹಳೆಯ ಪಿಟೀಲನ್ನೂ ಪಕ್ಕದ ಕೋಣೆಯಲ್ಲಿ ಒಂದಾದಮೇಲೊಂದರಂತೆ ನುಡಿಸಿ ಕೇಳಿದರು. ಕಣ್ಣಿಗೆ ಅಂದವಿಲ್ಲದ ವಾದ್ಯವು ಕಿವಿಗೆ ಕಡಮೆಯಾಗಿ ತೋರಲಿಲ್ಲ.

ಈ ಪ್ರಶ್ನೆ ಸುಮಾರು ಇನ್ನೂರು ವರ್ಷಗಳ ಬಳಿಕ ಮತ್ತೆ ಎದ್ದಿತು. ಇಟಲಿಯ ಸ್ಟ್ರಾಡಿವೇರಿಯಸ್ ಮತ್ತು ಗ್ವಾರ್ನೇರಿ ವಂಶದವರು ಮಾಡಿದ ಪಿಟೀಲುಗಳಿಗೆ ಇಂದಿನ ಬೆಲೆ ಕೋಟಿಗಳಲ್ಲಿದೆ. ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ 2010ರಲ್ಲಿ ಸೇರಿದ್ದ ಪಿಟೀಲು ವಿದ್ವಾಂಸರಲ್ಲಿ 21 ಮಂದಿಗೆ ಕ್ಲೋಡಿಯಾ ಫ್ರಿಟ್ಸ್, ಜೋಸೆಫ್ ಕರ್ಟಿನ್ ಮತ್ತು ಅವರ ಸಂಗಡಿಗರು ಆರು ವಾದ್ಯಗಳನ್ನು ಕೊಟ್ಟರು. ಮೂರು ಹೊಸವು, ಮೂರು ಹಳೆಯವು. ಕೋಣೆಯನ್ನು ಮಬ್ಬುಗೊಳಿಸಿ, ನುಡಿಸುವವರಿಗೆ ಕಪ್ಪು ಕನ್ನಡಕ ಹಾಕಿಸಿದ್ದರು. ಹಳೆಯ ಮರದ ವಾಸನೆ ಗೊತ್ತಾಗದಂತೆ ಗಲ್ಲವನ್ನಿಡುವ ಜಾಗಕ್ಕೆ ಅತ್ತರನ್ನು ಸವರಿದ್ದರು. ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಪಡೆದದ್ದು ಹೊಸ ವಾದ್ಯ. ಎಲ್ಲಕ್ಕಿಂತ ಕಡಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿಯಸ್. ಹಳೆಯ ವಾದ್ಯಗಳು ಕಳಪೆಯೆಂದು ಇದರಿಂದ ಸಿದ್ಧವಾಗುವುದಿಲ್ಲ. ಅವುಗಳ ಮಹಿಮೆಯಲ್ಲಿ ಎಷ್ಟು ಪಾಲು ನಾದದ್ದು, ಎಷ್ಟು ಪಾಲು ಹೆಸರಿನದು ಎಂಬ ಪ್ರಶ್ನೆಯನ್ನು ಮಾತ್ರ ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ಇಲ್ಲಿ ಶ್ರೋತೃಗಳಿಗೆ ಒಂದು ಸಂದೇಹ ಬರಬಹುದು. ಎಡಿಸನ್ನನ ಸಭೆಯಲ್ಲಿಯೂ ಕತ್ತಲೆಯಿತ್ತಲ್ಲವೆ? ಅಲ್ಲಿಯೂ ಕಣ್ಣು ಮರೆಯಾಗಿತ್ತಲ್ಲವೆ? ಸಂದೇಹವು ಯುಕ್ತವಾಗಿಯೇ ಇದೆ. ಕತ್ತಲೆ ಇದ್ದುದು ನಿಜ. ಅದು ವರ್ತಕನ ಕೈಯಲ್ಲಿತ್ತು. ಯಾವ ಹಾಡು, ಎಷ್ಟು ಗಟ್ಟಿ, ಯಾವ ಕ್ಷಣದಲ್ಲಿ ದೀಪ ಆರಬೇಕು ಎಂಬುದನ್ನೆಲ್ಲ ಲಾಭವನ್ನು ಪಡೆಯುವವರೇ ಗೊತ್ತುಮಾಡಿದ್ದರು. ಸರಿ ತಪ್ಪುಗಳನ್ನು ಯಾರೂ ಎಣಿಸಲಿಲ್ಲ. ತೆರೆಯು ಪ್ರಾಮಾಣಿಕವಾಗಬೇಕಾದರೆ ಅದಕ್ಕೆ ಕೆಲವು ನಿಯಮಗಳು ಬೇಕು. ಇಪ್ಪತ್ತನೆಯ ಶತಮಾನದಲ್ಲಿ ಅವು ಒಂದೊಂದಾಗಿ ತಿಳಿದುಬಂದವು.

ಮೊದಲನೆಯದು ನಾದದ ಗಟ್ಟಿತನವನ್ನು ಕುರಿತದ್ದು. ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ಎಂಬವರು 1933ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ನಾದವು ಮೆಲ್ಲಗಾದಂತೆಲ್ಲ ನಮ್ಮ ಕಿವಿಗೆ ಮಂದ್ರಸ್ವರಗಳು ಮಧ್ಯಸ್ವರಗಳಿಗಿಂತ ಬೇಗ ಅಡಗುತ್ತವೆ. ಗಟ್ಟಿಯಾದಂತೆಲ್ಲ ಅವು ಮತ್ತೆ ಮೇಲೆದ್ದು ಬರುತ್ತವೆ. ಆದುದರಿಂದ ಎರಡು ಯಂತ್ರಗಳಲ್ಲಿ ಒಂದು ತುಸುವೇ ಗಟ್ಟಿಯಾಗಿ ನುಡಿದರೂ, ಕೇಳುವವನು ಅದನ್ನು ಗಟ್ಟಿಯೆನ್ನುವುದಿಲ್ಲ. ತುಂಬಿದ ನಾದ, ಸ್ಪಷ್ಟವಾದ ನಾದ ಎನ್ನುತ್ತಾನೆ. ಎರಡನ್ನೂ ಅಳತೆಯಿಂದ ಸಮಮಾಡದೆ ತೂಗುವುದು ತಕ್ಕಡಿಯ ಒಂದು ತಟ್ಟೆಯ ಮೇಲೆ ಬೆರಳಿಟ್ಟು ತೂಗಿದಂತೆಯೇ ಸರಿ.

ಎರಡನೆಯದು, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರುತ್ತದೆಂಬುದು. 1945ರಲ್ಲಿ ಅಮೆರಿಕದ ಕೊಲಂಬಿಯಾ ಪ್ರಸಾರ ಸಂಸ್ಥೆಯ ಚಿನ್ ಮತ್ತು ಐಸೆನ್‌ಬರ್ಗ್ ಎಂಬವರು ರೇಡಿಯೋ ಶ್ರೋತೃಗಳನ್ನು ಪರೀಕ್ಷಿಸಿ, ತಾರಸ್ವರಗಳನ್ನು ಕತ್ತರಿಸಿದ ನಾದವೇ ಅವರಿಗೆ ಹಿತವೆಂದು ವರದಿಮಾಡಿದರು. ಹಾಗಾದರೆ ಉತ್ತಮವಾದ ಯಂತ್ರಗಳಿಗಾಗಿ ಶ್ರಮಪಡುವುದೇಕೆ? ಆರ್. ಸಿ. ಎ. ಪ್ರಯೋಗಶಾಲೆಯ ಹ್ಯಾರಿ ಓಲ್ಸನ್ನನಿಗೆ ಈ ತೀರ್ಪು ಒಪ್ಪಿಗೆಯಾಗಲಿಲ್ಲ. ಆತನು 1947ರಲ್ಲಿ ಯಂತ್ರವನ್ನೇ ನಡುವಿನಿಂದ ತೆಗೆದುಹಾಕಿದನು. ನಾದವನ್ನು ತಡೆಯದ ತೆಳುವಾದ ತೆರೆಯ ಹಿಂದೆ ಜೀವಂತ ವಾದ್ಯಗಾರರನ್ನು ಕೂರಿಸಿ, ಅವರ ಮುಂದೆ ತೆರೆದು ಮುಚ್ಚಬಹುದಾದ ಹಲಗೆಗಳನ್ನು ನಿಲ್ಲಿಸಿದನು. ಮುಚ್ಚಿದಾಗ ಸೆಕೆಂಡಿಗೆ 5000 ಕಂಪನಗಳಿಗೆ ಮೇಲ್ಪಟ್ಟ ಸ್ವರಗಳು ಅಡಗುತ್ತಿದ್ದವು. ಈಗ ಹೆಚ್ಚುಮಂದಿ ಪೂರ್ಣವಾದ ನಾದವನ್ನೇ ಮೆಚ್ಚಿದರು. ಜನರು ಹಿಂದೆ ಬೇಡವೆಂದದ್ದು ತಾರಸ್ವರಗಳನ್ನಲ್ಲ, ಆ ಕಾಲದ ಯಂತ್ರಗಳು ಅವುಗಳೊಡನೆ ಬೆರಸುತ್ತಿದ್ದ ವಿಕಾರವನ್ನು ಎಂದು ಓಲ್ಸನ್ ಊಹಿಸಿದನು.

ಮೂರನೆಯದು ಎಣಿಕೆ. ಬೆಲ್ ಪ್ರಯೋಗಶಾಲೆಯ ಮನ್ಸನ್ ಮತ್ತು ಗಾರ್ಡ್ನರ್ 1950ರಲ್ಲಿ ವರ್ಣಿಸಿದ ಕ್ರಮವೊಂದನ್ನು 1982ರಲ್ಲಿ ಡೇವಿಡ್ ಕ್ಲಾರ್ಕ್ ಧ್ವನಿಯಂತ್ರಗಳ ಪರೀಕ್ಷೆಗೆ ಅಳವಡಿಸಿದನು. ಒಂದನೆಯ ಯಂತ್ರ ಇದು, ಎರಡನೆಯದು ಇದು ಎಂದು ಮೊದಲು ತೋರಿಸುವುದು. ಬಳಿಕ ಇವೆರಡರಲ್ಲಿ ಒಂದನ್ನು ಗುಪ್ತವಾಗಿ ನುಡಿಸಿ, ಯಾವುದೆಂದು ಕೇಳುವುದು. ಗುಟ್ಟು ಪೆಟ್ಟಿಗೆಗೆ ಮಾತ್ರ ಗೊತ್ತು. ಪರೀಕ್ಷೆ ನಡೆಸುವವನಿಗೂ ಗೊತ್ತಿರಕೂಡದು, ಗೊತ್ತಿದ್ದರೆ ಆತನ ಮುಖವೇ ಹೇಳಿಬಿಟ್ಟೀತು. 16 ಸಲ ಕೇಳಿದಾಗ ಒಬ್ಬನು 12 ಸಲ ಸರಿಯಾಗಿ ಹೇಳಿದರೆ, ಅದು ಬರಿಯ ಅದೃಷ್ಟದಿಂದ ಆಗಿರುವ ಸಂಭವ 100ಕ್ಕೆ 4ಕ್ಕಿಂತ ಕಡಮೆ. 8 ಸಲ ಮಾತ್ರ ಹೇಳಿದರೆ, ನಾಣ್ಯವನ್ನು ಚಿಮ್ಮಿ ಉತ್ತರಿಸಿದ್ದರೂ ಅಷ್ಟೇ ಆಗುತ್ತಿತ್ತು.

ಇಷ್ಟು ನಿಯಮಗಳು ಕೂಡಿದ ಮೇಲೆ ಬಂದ ಫಲಗಳು ಅನೇಕರಿಗೆ ಕಹಿಯಾದವು. ಕೆನಡದಲ್ಲಿ ಬಹುಕಾಲ ಸಂಶೋಧನೆ ನಡೆಸಿದ್ದ ಫ್ಲಾಯ್ಡ್ ಟೂಲ್ ಎಂಬ ವಿದ್ವಾಂಸರು ಷಾನ್ ಆಲಿವ್ ಎಂಬವರೊಡನೆ 1994ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 40 ಮಂದಿ ಶ್ರೋತೃಗಳು ನಾಲ್ಕು ಲೌಡ್‌ಸ್ಪೀಕರುಗಳನ್ನು ಒಮ್ಮೆ ತೆರೆಯ ಮರೆಯಲ್ಲಿ, ಒಮ್ಮೆ ಕಣ್ಣಾರೆ ನೋಡುತ್ತ ಕೇಳಿದರು. ಕೇಳಿದವರೆಲ್ಲ ಅದೇ ಉದ್ಯಮದ ಕಂಪೆನಿಯವರು. ಕಂಡಾಗ, ದೊಡ್ಡದಾಗಿ ಅಂದವಾಗಿದ್ದವುಗಳಿಗೆ ಅಂಕ ಏರಿತು. ಚಿಕ್ಕದಾದ, ಅಗ್ಗದ ಪ್ಲಾಸ್ಟಿಕ್ಕಿನದಕ್ಕೆ ಇಳಿಯಿತು. ಇದಕ್ಕಿಂತ ಗಹನವಾದ ಸಂಗತಿ ಇನ್ನೊಂದಿದೆ. ಲೌಡ್‌ಸ್ಪೀಕರನ್ನು ಕೋಣೆಯಲ್ಲಿ ಸ್ಥಳ ಬದಲಿಸಿದರೆ ನಾದವು ನಿಜವಾಗಿಯೂ ಬದಲಾಗುತ್ತದೆ. ಮರೆಯಲ್ಲಿ ಕೇಳಿದಾಗ ಈ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸಿದವರೇ, ಕಣ್ಣಿನಿಂದ ನೋಡಿದಾಗ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಕಣ್ಣು ಇಲ್ಲದ್ದನ್ನು ಸೇರಿಸಿತು. ಅಷ್ಟೇ ಅಲ್ಲ, ಇದ್ದದ್ದನ್ನು ಕೇಳದಂತೆಯೂ ಮಾಡಿತು.

2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬವರು, ಹೆಚ್ಚು ಸೂಕ್ಷ್ಮವೆಂದು ಹೆಚ್ಚು ಬೆಲೆಗೆ ಮಾರುತ್ತಿದ್ದ ಹೊಸ ಬಗೆಯ ತಟ್ಟೆಗಳ ನಾದವನ್ನು ಸಾಧಾರಣ ಸಿ.ಡಿ.ಯ ಮಟ್ಟಕ್ಕೆ ಇಳಿಸಿ ಹೋಲಿಸಿದರು. 554 ಸಲದ ಪರೀಕ್ಷೆಯಲ್ಲಿ ಸರಿಯುತ್ತರ ಬಂದದ್ದು 276 ಸಲ. ಆದರೆ ಈ ವಿಷಯದಲ್ಲಿ ಕೊನೆಯ ಮಾತು ಇದೇ ಎನ್ನಲಾಗದು. ಇಂತಹ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ಜೋಷುವಾ ರೀಸ್ ಎಂಬ ವಿದ್ವಾಂಸರಿಗೆ 2016ರಲ್ಲಿ 100ಕ್ಕೆ ಸುಮಾರು 52 ಸರಿಯುತ್ತರಗಳು ಕಂಡವು. ಅಭ್ಯಾಸ ಪಡೆದವರಲ್ಲಿ ಇನ್ನೂ ಹೆಚ್ಚು. ವ್ಯತ್ಯಾಸವು ಬಹಳ ಚಿಕ್ಕದು, ಆದರೆ ಸೊನ್ನೆಯಲ್ಲ. ತೆರೆಯು ಯಾವಾಗಲೂ "ಇಲ್ಲ" ಎನ್ನುವ ನಾಸ್ತಿಕನಲ್ಲ. ಇದ್ದದ್ದನ್ನು ಇದ್ದಷ್ಟೇ ಎನ್ನುವ ಸಾಕ್ಷಿ.

ಇದೆಲ್ಲ ಹಣವಂತರ ಹವ್ಯಾಸಕ್ಕೆ ಸಂಬಂಧಿಸಿದ ಮಾತು, ಉಳಿದವರಿಗೇನು ಎಂದು ಕೇಳಬಹುದು. ಯಂತ್ರವನ್ನು ತೂಗುವ ಕಿವಿಯೇ ಮನುಷ್ಯರನ್ನೂ ತೂಗುತ್ತದೆ. ಬಾಸ್ಟನ್ ನಗರದ ವಾದ್ಯವೃಂದವು 1952ರಲ್ಲಿಯೇ ವಾದಕರನ್ನು ತೆರೆಯ ಹಿಂದೆ ನುಡಿಸಿ ಆರಿಸಲು ಮೊದಲುಮಾಡಿತು. ಕಾಲಕ್ರಮದಲ್ಲಿ ಅಮೆರಿಕದ ಇತರ ವೃಂದಗಳೂ ಹಾಗೆ ಮಾಡಿದವು. ಹೆಜ್ಜೆಯ ಸದ್ದಿನಿಂದ ಗಂಡಸೋ ಹೆಂಗಸೋ ಎಂಬುದು ತಿಳಿಯದಿರಲೆಂದು ಕೆಲವು ಕಡೆ ನೆಲಕ್ಕೆ ರತ್ನಗಂಬಳಿಯನ್ನೂ ಹಾಸುತ್ತಿದ್ದರು. ಅಲ್ಲಿನ ಐದು ಶ್ರೇಷ್ಠ ವೃಂದಗಳಲ್ಲಿ 1970ರಲ್ಲಿ ಸ್ತ್ರೀಯರು 100ಕ್ಕೆ 5ಕ್ಕಿಂತ ಕಡಮೆ, 1997ರಲ್ಲಿ 25. ಈ ಏರಿಕೆಯಲ್ಲಿ ತೆರೆಯ ಪಾಲೆಷ್ಟು, ಬದಲಾದ ಕಾಲದ ಪಾಲೆಷ್ಟು ಎಂಬುದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವುಂಟು.

ಜರ್ಮನಿಯ ಮ್ಯೂನಿಕ್ ನಗರದಲ್ಲಿ 1980ರಲ್ಲಿ ನಡೆದ ಪ್ರಸಂಗದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ. ಅಲ್ಲಿನ ವಾದ್ಯವೃಂದದಲ್ಲಿ ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವಾದ್ಯದ ಪ್ರಧಾನ ಸ್ಥಾನವು ತೆರವಾಗಿತ್ತು. ಅಬ್ಬೀ ಕೊನಾಂಟ್ ಎಂಬ ಅಮೆರಿಕದ ಯುವತಿಗೆ ಬಂದ ಕರೆಯ ಪತ್ರದಲ್ಲಿ ಆಕೆಯನ್ನು ಪುರುಷನೆಂದು ಸಂಬೋಧಿಸಿದ್ದರು. 33 ಮಂದಿ ತೆರೆಯ ಹಿಂದೆ ನುಡಿಸಿದರು. ಪರೀಕ್ಷಕರು ಆರಿಸಿದ್ದು ಈಕೆಯನ್ನು. ತೆರೆಯಿಂದ ಹೊರಬಂದದ್ದು ಹೆಂಗಸೆಂದು ಕಂಡ ಮೇಲೆ ಅದೇ ನಾದವು ಸಾಲದಾಯಿತು. 1982ರಲ್ಲಿ ಆಕೆಯನ್ನು ಪ್ರಧಾನ ಸ್ಥಾನದಿಂದ ಎರಡನೆಯ ಸ್ಥಾನಕ್ಕೆ ಇಳಿಸಿದರು. ಆಕೆಗೆ ದೇಹಬಲ ಸಾಲದೆಂಬುದು ಆಕ್ಷೇಪ. ಆಕೆ ನ್ಯಾಯಸ್ಥಾನಕ್ಕೆ ಹೋದಳು. ಶ್ವಾಸಕೋಶದ ಶಕ್ತಿಯನ್ನು ವೈದ್ಯರಿಂದ ಅಳತೆಮಾಡಿಸಿ ಒಪ್ಪಿಸಬೇಕಾಯಿತು. ಪೂರ್ವದ ಸ್ಥಾನವು 1988ರಲ್ಲಿ ದೊರೆಯಿತು. ಸಮಾನವಾದ ಸಂಬಳಕ್ಕಾಗಿ ವ್ಯಾಜ್ಯವು 1993ರ ವರೆಗೆ ನಡೆಯಿತು. ಹದಿಮೂರು ವರ್ಷ ಆಕೆಯ ಉಸಿರಿನಲ್ಲಿ ದೋಷವಿರಲಿಲ್ಲ, ಕೇಳುವವರ ಕಣ್ಣಿನಲ್ಲಿತ್ತು.

ಈ ಚರಿತ್ರೆಯನ್ನು ಕೇಳಿದವರು ತಮ್ಮ ಮನೆಯ ಯಂತ್ರವನ್ನು ಸಂಶಯದಿಂದ ನೋಡಬೇಕಾಗಿಲ್ಲ. ಅಂದವಾದ ಪೆಟ್ಟಿಗೆಯಿಂದ ಬರುವ ಹಾಡು ಹೆಚ್ಚು ಇಂಪಾಗಿ ಕೇಳಿದರೆ ಆ ಸುಖವು ಸುಳ್ಳಲ್ಲ. ಅದನ್ನು ಅನುಭವಿಸಲು ಯಾರ ಅಪ್ಪಣೆಯೂ ಬೇಡ. ಊಟದ ರುಚಿಯಲ್ಲಿ ಎಲೆಯ ಹಸುರಿಗೂ ಬಡಿಸುವವರ ಪ್ರೀತಿಗೂ ಪಾಲಿರುವಂತೆ ಇದು. ಆದರೆ ನಮ್ಮ ಸುಖವನ್ನು ಇನ್ನೊಬ್ಬರಿಗೆ ಪ್ರಮಾಣವಾಗಿ ಒಪ್ಪಿಸುವಾಗ, ನಮ್ಮ ಮಾತಿನ ಮೇಲೆ ಇನ್ನೊಬ್ಬರ ಹಣವೋ ಉದ್ಯೋಗವೋ ಮರ್ಯಾದೆಯೋ ನಿಂತಿರುವಾಗ, ನಾವು ಸಾಕ್ಷಿಗಳಾಗುತ್ತೇವೆ. ಆಗ ತೆರೆಯನ್ನು ಇಳಿಬಿಡುವುದು ನಮ್ಮ ಕಿವಿಗೆ ಮಾಡುವ ಅವಮಾನವಲ್ಲ. ಹಾಗೆ ಇಳಿಬಿಟ್ಟು ತೀರ್ಪನ್ನು ಕೊಟ್ಟ ಮೇಲೆ, ತೆರೆಯನ್ನು ಎತ್ತಿದಾಗ ಹಿಂದೆ ಯಾರೇ ನಿಂತಿರಲಿ, ಕೊಟ್ಟ ತೀರ್ಪಿಗೆ ಬದ್ಧರಾಗಿರುವುದು ಮ್ಯೂನಿಕ್ಕಿನವರಿಂದ ಆಗಲಿಲ್ಲ. ತೆರೆಯನ್ನು ಯಾರು ಬೇಕಾದರೂ ಹೊಲಿಯಬಹುದು, ಕಷ್ಟವಾದುದು ಅದು.